ಗಾಯವೇ ಆಗದ ಊರಿನ ವೈದ್ಯೆ

ಎಲ್ಫ್‌ಕ್ವೆಸ್ಟ್ ಅಂತ ಅಮೆರಿಕದ ಒಂದು ಕಾಮಿಕ್ಸ್ ಇದೆ, ಎಲ್ಫ್ ಎಂಬ ಮಾಯಾಜನರ ಬೇರೆ ಬೇರೆ ಗುಂಪುಗಳ ಕಥೆ. ಅದನ್ನು ಓದಿದವರು ಇಬ್ಬರು ಒಂದು ಕಡೆ ಸಿಕ್ಕರೆ ಮೊದಲು ಬರುವ ಪ್ರಶ್ನೆ ಒಂದೇ. ನೀನು ಯಾವ ಗುಂಪು? ಉತ್ತರವೂ ಹೆಚ್ಚುಕಮ್ಮಿ ಒಂದೇ ಇರುತ್ತದೆ. ವುಲ್ಫ್‌ರೈಡರ್. ತೋಳದ ಮೇಲೆ ಸವಾರಿ, ಮರದ ಪೊಟರೆಯಲ್ಲಿ ವಾಸ, ರಾತ್ರಿಯೆಲ್ಲ ಬೇಟೆ, ಎರಡೆರಡು ಚಂದ್ರನ ಬೆಳಕಲ್ಲಿ ಎಲ್ಲರೂ ಸೇರಿ ಊಳಿಡುವುದು. ಯಾರಿಗೆ ಬೇಡ ಹೇಳಿ? ಸ್ವಲ್ಪ ಜಗಳಗಂಟ ಸ್ವಭಾವದವರು ಗೋ-ಬ್ಯಾಕ್ ಅಂತಾರೆ. ಮಧ್ಯಾಹ್ನ ನಿದ್ದೆ ಇಷ್ಟಪಡುವವರು ಸನ್ ವಿಲೇಜ್ ಅಂತಾರೆ. ಅಮೆರಿಕದ ಅಭಿಮಾನಿಗಳಂತೂ ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮದೇ ಗುಂಪು ಕಟ್ಟಿಕೊಂಡು, ಅದಕ್ಕೆ ಹೋಲ್ಟ್ ಅಂತ ಕರೆದು, ತಮ್ಮದೇ ಎಲ್ಫ್ ಪಾತ್ರ ಬರೆದು, ಚಿಕ್ಕ ಪತ್ರಿಕೆ ಅಚ್ಚು ಹಾಕಿಸಿ ಹಂಚಿದರು. ಅಷ್ಟು ಹುಚ್ಚು ಹಿಡಿಸಿದ ಕಾಮಿಕ್ಸ್ ಇದು. ಆದರೆ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಯಾರೂ "ನಾನು ಗ್ಲೈಡರ್" ಅಂದದ್ದಿಲ್ಲ. ಒಬ್ಬರೂ ಇಲ್ಲ. ಇದು ನನ್ನನ್ನು ಕೊರೆಯುತ್ತಲೇ ಇದೆ. ಯಾಕಂದ್ರೆ ನಾನು ಮತ್ತೆ ಮತ್ತೆ ತೆಗೆದು ಓದುವುದು ಗ್ಲೈಡರ್‌ಗಳು ಇರುವ ಬ್ಲೂ ಮೌಂಟೇನ್ ಭಾಗವನ್ನೇ.

ವೆಂಡಿ ಪಿನಿ, ರಿಚರ್ಡ್ ಪಿನಿ ಎಂಬ ಗಂಡ ಹೆಂಡತಿ 1978ರಲ್ಲಿ ಶುರು ಮಾಡಿದ ಕಥೆ ಇದು. ಮೊದಲ ಭಾಗ ಬೇರೆಯವರ ಪತ್ರಿಕೆಯೊಂದರಲ್ಲಿ ಬಂತು. ಆಮೇಲೆ ತಾವೇ ವಾರ್ಪ್ ಗ್ರಾಫಿಕ್ಸ್ ಅಂತ ಸಂಸ್ಥೆ ಮಾಡಿಕೊಂಡು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿಸಿದರು. ವಾರ್ಪ್ ಅಂದರೆ ಇನ್ನೇನೂ ಅಲ್ಲ, ಇಬ್ಬರ ಹೆಸರಿನ ಮೊದಲಕ್ಷರಗಳು. ಚಿತ್ರ ವೆಂಡಿಯದು. ಕಥೆ ಇಬ್ಬರದೂ. ಸೂಪರ್‌ಹೀರೋಗಳದೇ ದರ್ಬಾರಿದ್ದ ಕಾಲದಲ್ಲಿ ದೊಡ್ಡ ಕಣ್ಣು, ಚೂಪು ಕಿವಿ, ಕೈಗೆ ನಾಲ್ಕೇ ಬೆರಳಿನ ಈ ಪುಟ್ಟ ಜನ ಬಂದರು. ಓದುಗರಲ್ಲಿ ಹೆಂಗಸರೂ ಬಹಳ ಇದ್ದರು ಅನ್ನೋದು ಆ ಕಾಲಕ್ಕೆ ದೊಡ್ಡ ವಿಷಯವಾಗಿತ್ತು. ನಾನು ಓದಿದ್ದು ತುಂಬ ತಡವಾಗಿ, ಹಳೆಯ ಸಂಚಿಕೆಗಳನ್ನು ಅವರೇ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಓದಲು ಬಿಟ್ಟ ಮೇಲೆ. ಬಾಲಮಂಗಳದ ಡಿಂಗನ ನಂತರ ನಾನು ಯಾವ ಕಾಮಿಕ್ಸನ್ನೂ ಇಷ್ಟು ಹಚ್ಚಿಕೊಂಡಿರಲಿಲ್ಲ.

ಒಂದೇ ತಾಯಿಬೇರು, ನಾಲ್ಕು ಸಂಸಾರ

ಈ ಎಲ್ಫ್‌ಗಳೆಲ್ಲ ಒಂದೇ ಮೂಲದವರು. ಹೈ ಒನ್ಸ್ ಎಂಬ ಹಿರಿಯರು ಅರಮನೆಯಂಥ ಒಂದು ಹಡಗಿನಲ್ಲಿ ಆಕಾಶದಿಂದ ಈ ಲೋಕಕ್ಕೆ ಬರುತ್ತಾರೆ. ಒಳಗೇ ದಂಗೆಯಾಗುತ್ತದೆ. ಇಳಿಯಬೇಕಾದ ಕಾಲಕ್ಕಿಂತ ಎಷ್ಟೋ ಹಿಂದೆ ಬಂದು ಬೀಳುತ್ತಾರೆ. ಹೊರಗೆ ಕಾಲಿಟ್ಟರೆ ಆದಿಮಾನವರು ದೊಣ್ಣೆ ಹಿಡಿದು ನಿಂತಿದ್ದಾರೆ. ಕೈಯಲ್ಲಿದ್ದ ಮಾಯಾಶಕ್ತಿ ಇಲ್ಲಿ ನೆಟ್ಟಗೆ ನಡೆಯುತ್ತಿಲ್ಲ. ಸಿಕ್ಕ ಸಿಕ್ಕ ಕಡೆ ಚದುರಿ ಓಡುತ್ತಾರೆ. ಹಾಗೆ ಓಡಿದವರ ಮಕ್ಕಳು ಮೊಮ್ಮಕ್ಕಳೇ ಈಗಿನ ಗುಂಪುಗಳು. ಒಬ್ಬರಿಗೆ ಇನ್ನೊಬ್ಬರು ಇದ್ದಾರೆ ಅನ್ನೋದೇ ಗೊತ್ತಿಲ್ಲ. ಮೊದಲ 20 ಸಂಚಿಕೆಗಳ ಕಥೆ ಅಂದರೆ ಇವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಕಥೆ. ಸಿಕ್ಕಾಗ ಖುಷಿಪಡುವುದಕ್ಕಿಂತ ಜಗಳ ಆಡಿದ್ದೇ ಹೆಚ್ಚು. ನೆಂಟರು ಅಂದ ಮೇಲೆ ಇನ್ನೇನಾಗುತ್ತೆ.

ವುಲ್ಫ್‌ರೈಡರ್‌ಗಳಲ್ಲಿ ತೋಳದ ರಕ್ತ ಇದೆ. ಕಾಡಿನಲ್ಲಿ ತನ್ನವರು ಉಪವಾಸ ಸಾಯುವುದನ್ನು ನೋಡಲಾಗದೆ ಟಿಮ್ಮೇನ್ ಎಂಬ ಹಿರಿಯಳು ತಾನೇ ತೋಳವಾಗಿ ಬದಲಾದಳು, ತೋಳವೊಂದನ್ನು ಕೂಡಿ ಟಿಮ್ಮಾರ್ನ್ ಎಂಬ ಮಗನನ್ನು ಹೆತ್ತಳು. ಅವನೇ ಮೊದಲ ನಾಯಕ. ಕಥಾನಾಯಕ ಕಟ್ಟರ್ ಹನ್ನೊಂದನೆಯವನು. ತೋಳದ ರಕ್ತದಿಂದ ಮೂಗು ಚುರುಕಾಯಿತು, ಮೈಗೆ ಕಸುವು ಬಂತು. ಜೊತೆಗೆ ಸಾವೂ ಬಂತು. ಮುಪ್ಪಾಗಿ ಸಾಯುವುದು ಇವರು ಮಾತ್ರ. ಉಳಿದವರನ್ನು ಯಾರಾದರೂ ಕೊಂದರೆ ಮಾತ್ರ ಸಾವು. ಇಲ್ಲದಿದ್ದರೆ ಬದುಕುತ್ತಲೇ ಇರುತ್ತಾರೆ.

ನನ್ನ ಲೆಕ್ಕದಲ್ಲಿ ಇಡೀ ಸರಣಿಯ ಗುಟ್ಟು ಇಲ್ಲೇ ಇದೆ. ಒಳ್ಳೆಯವರು ಕೆಟ್ಟವರು ಅಂತ ಗುಂಪು ಮಾಡಿಲ್ಲ ಇಲ್ಲಿ. ಸಾವಿಲ್ಲದವರಿಗೆ ಇರುವ ದೊಡ್ಡ ತಾಪತ್ರಯ ಅಂದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಅನ್ನೋದು. ಅದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಸನ್ ವಿಲೇಜ್‌ನವರು ಮರುಭೂಮಿಯ ನಡುವೆ ಊರು ಕಟ್ಟಿಕೊಂಡು ಬೇಸಾಯ ಮಾಡುತ್ತಾರೆ, ಹಬ್ಬ ಮಾಡುತ್ತಾರೆ, ನಡುಹಗಲಲ್ಲಿ ಮಲಗುತ್ತಾರೆ. ನೆನಪಿಟ್ಟುಕೊಳ್ಳುವ ಹೊರೆಯನ್ನೆಲ್ಲ ಸಾವಾ ಎಂಬ ಮುದುಕಿಯ ಮೇಲೆ ಹಾಕಿ ತಾವು ಹಗುರಾಗಿದ್ದಾರೆ. ಗೋ-ಬ್ಯಾಕ್‌ಗಳು ಹಿಮದ ಪರ್ವತದಲ್ಲಿ ಟ್ರೋಲ್ ಎಂಬ ಒರಟು ಗುಹೆವಾಸಿಗಳ ಜೊತೆ ಯುದ್ಧಕ್ಕೆ ನಿಂತವರು. ಹಿರಿಯರು ಬಂದಿಳಿದ ಅರಮನೆ ಅಲ್ಲೇ ಇದೆ, ನಡುವೆ ಟ್ರೋಲ್‌ಗಳು ಕೂತಿದ್ದಾರೆ. ಇವರ ನಾಯಕಿ ಕಾವಿ. ಇವರು ಮಾಯೆ ಮಂತ್ರ ಎಲ್ಲ ಮರೆತಿದ್ದಾರೆ. ಇವತ್ತು ಹೊಡೆದಾಟ, ರಾತ್ರಿ ಕುಡಿತ ಕುಣಿತ, ನಾಳೆ ಯಾರು ಉಳಿದಿರುತ್ತಾರೋ ಅವರಿಗೆ ಮತ್ತೆ ಹೊಡೆದಾಟ. ನನಗೆ ಇವರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಾವಿ ಪುಟದ ಮೇಲೆ ಬಂದಾಗ ಖುಷಿಯಾಗುತ್ತದೆ, ಅಷ್ಟೇ.

ಇನ್ನು ಗ್ಲೈಡರ್‌ಗಳು. ಇವರು ಬೆಟ್ಟದ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಡೋರ್, ಎಗ್, ಬ್ರೇಸ್

ಬ್ಲೂ ಮೌಂಟೇನ್ ಒಳಗಡೆ ಹೇಗಿದೆ ಅಂದರೆ, ಎಲ್ಲವೂ ಇದೆ. ಕಲ್ಲನ್ನು ಬೆಣ್ಣೆಯಂತೆ ತಿದ್ದಿ ಮಾಡಿದ ಎತ್ತರದ ಹಜಾರಗಳು, ಕಂಬಗಳು, ಮೆತ್ತನೆಯ ಹಾಸಿಗೆಗಳು. ಬೇಟೆಗೆ ಚೋಸನ್ ಎಯ್ಟ್ ಅಂತ ಎಂಟು ಜನ ಇದ್ದಾರೆ. ದೈತ್ಯ ಹಕ್ಕಿಗಳ ಮೇಲೆ ಕೂತು ಹೊರಗೆ ಹೋಗಿ ಮಾಂಸ ತರುವುದು ಅವರ ಪಾಲಿನ ಕೆಲಸ. ಬೆಟ್ಟದ ಬುಡದಲ್ಲಿ ಇರುವ ಮನುಷ್ಯರು ಇವರನ್ನು ಹಕ್ಕಿದೇವರು ಅಂತ ಪೂಜೆ ಮಾಡುತ್ತಾರೆ. ಒಳಗಿನವರು ಎತ್ತರಕ್ಕೆ, ತೆಳ್ಳಗೆ, ಬೆಳ್ಳಗೆ ಇದ್ದಾರೆ. ನೆಲಕ್ಕೆ ಕಾಲು ತಾಗಿಸದೆ ತೇಲುತ್ತಾರೆ. ಮುಖದಲ್ಲಿ ಒಂದು ಗೆರೆ ಇಲ್ಲ. ಮಗು ಹುಟ್ಟಿ ಎಷ್ಟು ಕಾಲವಾಯಿತೋ. ಅವರ ಒಡೆಯ ವೋಲ್ ಸಿಂಹಾಸನದ ಮೇಲೆ ಕೂತು ಹಳೆಯ ಕನಸು ಕಾಣುತ್ತಿದ್ದಾನೆ.

ನಾನು ಮೊದಲ ಸಲ ಓದುವಾಗ ಒಂದು ಚಿತ್ರದ ಮುಂದೆ ನಿಂತುಬಿಟ್ಟೆ. ಹಕ್ಕಿಗಳು ಒಳಗೆ ಹೊರಗೆ ಹಾರಾಡಲು ಬೆಟ್ಟದ ಗೋಡೆ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ. ಅದನ್ನು ತೆರೆಯಲು ಒಬ್ಬರು ಇದ್ದಾರೆ. ಕಲ್ಲಿನ ಗೂಡಿನಲ್ಲಿ ಕೂತ ಎಲ್ಫ್. ಕಲ್ಲನ್ನು ಮನಸ್ಸಿನಿಂದಲೇ ತಿದ್ದುವ ಶಕ್ತಿ ಇದೆ. ಕಣ್ಣು ತೆರೆದಿದೆ, ನೋಟ ಎಲ್ಲೋ ಇದೆ. ಹಕ್ಕಿ ಬಂದರೆ ಗೋಡೆ ಸರಿಸಬೇಕು, ಹೋದ ಮೇಲೆ ಮುಚ್ಚಬೇಕು. ಹೆಸರೇ ಡೋರ್. ಹುಟ್ಟಿದಾಗ ಅಪ್ಪ ಅಮ್ಮ ಇಟ್ಟ ಹೆಸರು ಇದಾಗಿರಲಿಕ್ಕಿಲ್ಲ ಅಲ್ವಾ? ಪಕ್ಕದಲ್ಲೇ ತೇಲಿ ಹೋಗುವವರು ತಿರುಗಿಯೂ ನೋಡುವುದಿಲ್ಲ. ಇನ್ನೊಬ್ಬರ ಹೆಸರು ಎಗ್. ಅವರ ಕೆಲಸ ದೊಡ್ಡ ಕಲ್ಲಿನ ಮೊಟ್ಟೆಯೊಂದರಲ್ಲಿ ಎಲ್ಫ್‌ಗಳ ಚರಿತ್ರೆಯನ್ನು ತಿದ್ದುತ್ತಾ ಇರುವುದು. ಮುಗಿಯುವುದೇ ಇಲ್ಲ ಅದು. ಮೂರನೆಯವರು ಬ್ರೇಸ್. ಬೆಟ್ಟ ಕುಸಿಯದಂತೆ ಹಿಡಿದುಕೊಂಡಿರಬೇಕು, ಅಷ್ಟೇ ಕೆಲಸ.

ಸಾವಿಲ್ಲದ ಜನ, ಮಾಯೆ ಗೊತ್ತಿರುವ ಜನ. ಅಂಥವರಲ್ಲಿ ಮೂವರು ಬಾಗಿಲು, ಮೊಟ್ಟೆ, ಊರುಗೋಲು ಆಗಿ ಕೂತಿದ್ದಾರೆ. ಅದನ್ನು ದೊಡ್ಡ ಅಕ್ಷರದಲ್ಲಿ ಎಲ್ಲೂ ಹೇಳಿಲ್ಲ. ಚಿತ್ರದ ಮೂಲೆಯಲ್ಲಿ ಸುಮ್ನೆ ಇಟ್ಟಿದ್ದಾರೆ. ಮುಂದಿನ ಪುಟದಲ್ಲಿ ಕಥೆ ಬೇರೆ ಎಲ್ಲಿಗೋ ಓಡುತ್ತದೆ. ವೆಂಡಿ ಪಿನಿಯ ಚಿತ್ರಗಳಲ್ಲಿ ನನಗೆ ಇಷ್ಟವಾಗುವುದು ಇದೇ. ಯುದ್ಧದ ಪುಟಗಳಲ್ಲಿ ಕೂದಲು ಹಾರಾಡುವುದು, ಕಣ್ಣಲ್ಲಿ ನೀರು ತುಂಬುವುದು ಸ್ವಲ್ಪ ಜಾಸ್ತಿಯೇ ಆಗುತ್ತದೆ. ಜಪಾನಿ ಕಾಮಿಕ್ಸ್ ನೋಡಿ ಕಲಿತವಳು, ಇರಲಿ. ಆದರೆ ಮೂಲೆಯಲ್ಲಿ ಕೂತವರನ್ನು ಬಿಡಿಸುವಾಗ ಅವಳ ಕೈ ಬೇರೆಯೇ.

ಇಂಥ ಜಾಗಕ್ಕೆ ವುಲ್ಫ್‌ರೈಡರ್‌ಗಳು ಬರುತ್ತಾರೆ. ಬರುವುದೇನು, ಕೆಲವರನ್ನು ಹಕ್ಕಿಗಳು ಎತ್ತಿಕೊಂಡೇ ಬರುತ್ತವೆ. ಕೆಸರು ಮೈ, ತೊಗಲು ಬಟ್ಟೆ, ಹಸಿಮಾಂಸ ತಿನ್ನುವ ಬಾಯಿ. ಗ್ಲೈಡರ್‌ಗಳಿಗೆ ಮೊದಲೇ ಮಡಿ ಜಾಸ್ತಿ. ಇವರಲ್ಲಿ ಪ್ರಾಣಿಯ ರಕ್ತ ಇದೆ ಅಂತ ಗೊತ್ತಾದಾಗ ಮುಖ ಕಿವುಚುವುದನ್ನು ನೋಡಬೇಕು. ಇದರ ನಡುವೆಯೇ ಡ್ಯೂಶೈನ್ ಎಂಬ ವುಲ್ಫ್‌ರೈಡರ್ ಹುಡುಗಿಗೂ ಟಿಲ್ಡಾಕ್ ಎಂಬ ಗ್ಲೈಡರ್‌ಗೂ ರೆಕಗ್ನಿಷನ್ ಆಗಿಬಿಡುತ್ತದೆ. ಈ ರೆಕಗ್ನಿಷನ್ ಅನ್ನೋದು ಪ್ರೀತಿ ಅಲ್ಲ. ಹುಟ್ಟುವ ಮಗು ಗಟ್ಟಿಯಾಗಿರಲಿ ಅಂತ ರಕ್ತವೇ ಹಿಡಿದು ಇಬ್ಬರನ್ನು ಗಂಟು ಹಾಕುವುದು. ನೀವು ಒಪ್ಪಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಡ್ಯೂಶೈನ್‌ಗೆ ಬೇರೆ ಪ್ರೇಮಿ ಇದ್ದಾನೆ. ಟಿಲ್ಡಾಕ್‌ಗೆ ಅವಳನ್ನು ಕಂಡರೆ ಅಸಹ್ಯ. ಆದರೂ ಮಗು ಆಗುತ್ತದೆ. ಸಾವಿರಾರು ವರ್ಷ ಮಡಿ ಕಾಪಾಡಿಕೊಂಡು ಬಂದವರ ರಕ್ತವೇ ಹೊರಗಿನವಳನ್ನು ಹುಡುಕಿಕೊಂಡಿತು. ಈ ಕಾಮಿಕ್ಸ್‌ನಲ್ಲಿ ನನಗೆ ನಗು ತರಿಸುವ ಜಾಗಗಳಲ್ಲಿ ಇದೂ ಒಂದು, ಪಾಪ ಡ್ಯೂಶೈನ್‌ಗೆ ನಗು ಬರುವಂಥದ್ದಲ್ಲ.

ವಿನೋವಿಲ್

ಬ್ಲೂ ಮೌಂಟೇನ್‌ನಲ್ಲಿ ನಿಜವಾದ ಯಜಮಾನಿ ವಿನೋವಿಲ್. ಕರೀ ಕೂದಲು, ಉದ್ದ ಕುತ್ತಿಗೆ, ತಣ್ಣನೆಯ ಮಾತು. ಓದುಗರು ಅವಳನ್ನು ದ್ವೇಷಿಸುವುದಕ್ಕೆ ಬೇಕಾದಷ್ಟು ಕಾರಣ ಇದೆ. ಮಾತೇ ಆಡದ, ಎಲ್ಲವನ್ನೂ ಮನಸ್ಸಿನಿಂದ ಮನಸ್ಸಿಗೆ ಕಳಿಸುವ ವುಲ್ಫ್‌ರೈಡರ್ ಬಿಲ್ಲುಗಾರ ಸ್ಟ್ರಾಂಗ್‌ಬೋನ ಮನಸ್ಸಿಗೇ ಕೈ ಹಾಕಿ ಹಿಂಸೆ ಕೊಡುತ್ತಾಳೆ. ಟಿಲ್ಡಾಕ್‌ನ ಮೈಯನ್ನು ಹಿಸುಕಿ ತಿದ್ದಿ ಬಾವಲಿ ರೆಕ್ಕೆ ಮಾಡಿದವಳು ಅವಳೇ. ಅವನೇ ಕೇಳಿದ್ದ, ಬರೀ ತೇಲುವುದು ಸಾಕಾಗಿತ್ತು. ಟ್ರೋಲ್ ಒಬ್ಬನಿಂದ ಮಗ ಹುಟ್ಟಿಸಿಕೊಂಡು, ಆ ಮಗ ಟೂ-ಎಡ್ಜ್‌ನ ತಲೆ ಕೆಡಿಸಿ ಬಿಟ್ಟಳು. ಅವನು ಅದ್ಭುತ ಕಮ್ಮಾರ. ತಾನು ಎಲ್ಫೋ ಟ್ರೋಲೋ ಅಂತ ತಿಳಿಯಲು ಎರಡು ಜನಾಂಗಕ್ಕೂ ಯುದ್ಧ ಹಚ್ಚಿ ಯಾರು ಗೆಲ್ಲುತ್ತಾರೆ ಅಂತ ನೋಡುತ್ತಾನೆ. ಅಷ್ಟು ಹುಚ್ಚು.

ಆದರೆ ವಿನೋವಿಲ್ ಮೊದಲು ವೈದ್ಯೆ. ಮುಟ್ಟಿದರೆ ಗಾಯ ಕೂಡುವ ಕೈ ಅವಳದು. ಗ್ಲೈಡರ್‌ಗಳು ಹೊರಗೆ ಓಡಾಡುತ್ತಿದ್ದ ಕಾಲದಲ್ಲಿ ಅವಳಿಗೆ ಕೈತುಂಬ ಕೆಲಸ ಇತ್ತು. ಬೆಟ್ಟದೊಳಗೆ ಸೇರಿದ ಮೇಲೆ ಯಾರೂ ಬೀಳುವುದಿಲ್ಲ, ಯಾರಿಗೂ ಜ್ವರ ಬರುವುದಿಲ್ಲ, ಯಾರೂ ಹೆರುವುದಿಲ್ಲ. ಶಕ್ತಿ ಮಾತ್ರ ಹಾಗೇ ಇದೆ. ವರ್ಷ, ನೂರು ವರ್ಷ, ಸಾವಿರ ವರ್ಷ. ಗಾಯ ಬರುವುದಿಲ್ಲ ಅಂದ ಮೇಲೆ ತಾನೇ ಮಾಡಲು ಶುರು ಮಾಡಿದಳು.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮಜ್ಜಿಯ ಊರಿನ ಸೂಲಗಿತ್ತಿ. ಆ ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ನಾನು ನೋಡುವ ಹೊತ್ತಿಗೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗಿದ್ದವು. ಚಿಕ್ಕಮ್ಮ ಮಗು ಎತ್ತಿಕೊಂಡು ಮನೆಗೆ ಬಂದ ದಿನ ಅವಳು ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಯಾರೂ ಕರೆದಿರಲಿಲ್ಲ. ಮಗುವನ್ನು ಕೈಗೆ ತಗೊಳ್ಳಲಿಲ್ಲ, ದೂರದಿಂದಲೇ ಒಂದು ಸಲ ನೋಡಿ "ನೆತ್ತಿ ಯಾಕೋ ಸರಿ ಕಾಣ್ತಿಲ್ಲ, ನೋಡ್ಕಳಿ" ಅಂದು ಹೊರಟುಹೋದಳು. ರಾತ್ರಿಯೆಲ್ಲ ಚಿಕ್ಕಮ್ಮ ಅತ್ತಿದ್ದೇ ಅತ್ತಿದ್ದು. ಮಾವ ಕೋಲು ತಗೊಂಡು ಹೊರಟೇಬಿಟ್ಟಿದ್ದರು. ಅಜ್ಜಿ ತಡೆದು, "ಕೈ ಸುಮ್ನೆ ಕೂತುಬಿಟ್ಟಿದೆ ಕಣೋ ಅವಳ್ದು. ನಾಳೆ ಬಂದು ಮಗೀಗೆ ನೀರು ಹಾಕು ಅಂತ ಹೇಳಿ ಬಾ" ಅಂದರು. ಬಂದಳು. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಅಡ್ಡ ಹಾಕಿಕೊಂಡು, ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ ಕೊಟ್ಟಳು. ಮಗು ಮಧ್ಯಾಹ್ನದವರೆಗೆ ಏಳಲಿಲ್ಲ. ಅವತ್ತಿನಿಂದ ಆ ಮಗುವಿನಂಥ ಮಗು ಊರಲ್ಲೇ ಇಲ್ಲ ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದಳು.

ವಿನೋವಿಲ್‌ಗೆ ಅಂಥ ಅಜ್ಜಿ ಒಬ್ಬಳು ಸಿಕ್ಕಿದ್ದರೆ ಎಲ್ಲ ಸರಿಯಾಗುತ್ತಿತ್ತು ಅಂತ ಹೇಳಲು ನನಗೆ ಧೈರ್ಯ ಇಲ್ಲ. ಡ್ಯೂಶೈನ್‌ಗೆ ಹುಟ್ಟಿದ ಮಗು ವಿಂಡ್‌ಕಿನ್‌ನನ್ನು ಅವಳು ಕದ್ದೇ ಬಿಡುತ್ತಾಳೆ. 1987ರಲ್ಲಿ ಶುರುವಾದ ಸೀಜ್ ಅಟ್ ಬ್ಲೂ ಮೌಂಟೇನ್ ಸರಣಿಯಲ್ಲಿ ಅದೇ ಗಲಾಟೆ. ಆ ಗಲಾಟೆಯಲ್ಲೇ ಸ್ಟ್ರಾಂಗ್‌ಬೋ ಬಾಣಕ್ಕೆ ಕ್ಯೂರೀಲ್ ಎಂಬ ಗ್ಲೈಡರ್ ಸಾಯುತ್ತಾನೆ. ಎಲ್ಫ್ ಕೈಯಲ್ಲಿ ಎಲ್ಫ್ ಸತ್ತದ್ದು. ಹಳೆಯ ಕಟ್ಟುಪಾಡು ಬಿಡಬಾರದು ಅಂತ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಸ್ಟ್ರಾಂಗ್‌ಬೋನೇ ಮಾಡಿದ್ದು. ಅವನು ಅದರಿಂದ ಚೇತರಿಸಿಕೊಳ್ಳಲು ಒದ್ದಾಡುವುದನ್ನು ಪಿನಿ ದಂಪತಿ ಅವಸರ ಮಾಡದೆ ತೋರಿಸಿದ್ದಾರೆ. ಕೊನೆಗೆ ಬೆಟ್ಟವೇ ಕುಸಿಯುತ್ತದೆ. ಗ್ಲೈಡರ್‌ಗಳಲ್ಲಿ ಉಳಿದವರು ಬೆರಳೆಣಿಕೆಯಷ್ಟು.

ಇನ್ನೊಬ್ಬ ವೈದ್ಯೆ

ಕಟ್ಟರ್‌ನ ಹೆಂಡತಿ ಲೀಟಾ ಕೂಡ ಅದೇ ಶಕ್ತಿಯವಳು. ಕಂದು ಮೈಬಣ್ಣ, ಕೆಂಪುಗೂದಲು, ಹಸಿರು ಕಣ್ಣು. 1978ರ ಅಮೆರಿಕದ ಕಾಮಿಕ್ಸ್‌ನಲ್ಲಿ ಕಂದು ಮೈಯ ನಾಯಕಿ ಅಂದರೆ ಸಣ್ಣ ಮಾತಲ್ಲ. ಕಟ್ಟರ್ ಅವಳನ್ನು ನೋಡುವಾಗ ಅವಳಿಗೆ 600 ವರ್ಷ. ಅವಳ ಮುಂದೆ ಅವನು ಹಸುಗೂಸು. ಈಗ ಯೋಚನೆ ಮಾಡಿ. ಸನ್ ವಿಲೇಜ್‌ನಲ್ಲಿ ಯುದ್ಧ ಇಲ್ಲ, ಕಾಡುಪ್ರಾಣಿಯ ಕಾಟ ಇಲ್ಲ. ಬೇಟೆಗೆ ಹೋಗುವವನು ರಾಯೆಕ್ ಒಬ್ಬ. ಹೆಚ್ಚೆಂದರೆ ಯಾರದೋ ಬೆರಳು ಕೊಯ್ದಿರಬೇಕು, ಯಾರೋ ಬಿಸಿಲಿಗೆ ತಲೆಸುತ್ತಿ ಬಿದ್ದಿರಬೇಕು. ಲೀಟಾ ಕೂಡ ಕೆಲಸವಿಲ್ಲದ ವೈದ್ಯೆಯೇ. ಇನ್ನೂ ಕೆಲವು ಸಾವಿರ ವರ್ಷ ಹಾಗೇ ಕಳೆದಿದ್ದರೆ?

ಮನುಷ್ಯರು ಕಾಡಿಗೆ ಬೆಂಕಿ ಇಟ್ಟಿದ್ದರಿಂದ ಮರುಭೂಮಿ ದಾಟಿ ಬಂದ ವುಲ್ಫ್‌ರೈಡರ್‌ಗಳು ಆ ಊರಿನ ಮೇಲೆ ಕಳ್ಳರಂತೆ ನುಗ್ಗುತ್ತಾರೆ. ಅವರ ಜೊತೆ ರೆಡ್‌ಲ್ಯಾನ್ಸ್ ಇದ್ದಾನೆ, ಮನುಷ್ಯರ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿ ಸಾಯುವ ಸ್ಥಿತಿಯಲ್ಲಿ. ಲೀಟಾ ಅವನನ್ನು ಮುಟ್ಟಿ ಉಳಿಸುತ್ತಾಳೆ. ಕಟ್ಟರ್ ಅವಳನ್ನು ಹೊತ್ತುಕೊಂಡು ಓಡಿದ್ದು, ರೆಕಗ್ನಿಷನ್ ಆಗಿದ್ದು, ಅವಳನ್ನೇ ಬಯಸಿದ್ದ ರಾಯೆಕ್ ಜೊತೆ ಮೂರು ಪರೀಕ್ಷೆಗಳ ಪಂದ್ಯ ಕಟ್ಟಿದ್ದು, ಎತ್ತರ ಕಂಡರೆ ನಡುಗುವ ಕಟ್ಟರ್ ಕಲ್ಲಿನ ಕಮಾನಿನ ಮೇಲೆ ನಡೆದದ್ದು, ಎಲ್ಲರೂ ಇದನ್ನೇ ಹೇಳುತ್ತಾರೆ. ನನಗೆ ಮಾತ್ರ ರೆಡ್‌ಲ್ಯಾನ್ಸ್‌ನ ಗಾಯದ್ದೇ ಮುಖ್ಯ ಅನಿಸುತ್ತದೆ. ಪಂದ್ಯ ಗೆದ್ದ ಮಾತ್ರಕ್ಕೆ ಅವಳು ಕಟ್ಟರ್‌ನನ್ನು ಒಪ್ಪಲೂ ಇಲ್ಲ, ಮತ್ತಷ್ಟು ಕಾಯಿಸಿದಳು. ಆದರೆ ಈ ಕೊಳಕು ಜನರ ಜೊತೆ ಹೋದರೆ ದಿನಾ ರಕ್ತ ಇರುತ್ತದೆ ಅನ್ನೋದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು.

ಗೊತ್ತಾದದ್ದು ನಿಜವೂ ಆಗುತ್ತದೆ. ಅರಮನೆಗಾಗಿ ಟ್ರೋಲ್‌ಗಳ ಜೊತೆ ನಡೆಯುವ ಯುದ್ಧದಲ್ಲಿ ಅವಳಿಗೆ ಉಸಿರಾಡಲೂ ಬಿಡುವಿಲ್ಲ. ಒನ್-ಐ ಎಂಬ ಹಳೆಯ ಬೇಟೆಗಾರನನ್ನು ತರುತ್ತಾರೆ. ಅವಳು ಮೈಯನ್ನು ಕೂಡಿಸುತ್ತಾಳೆ. ಮೈ ಬದುಕುತ್ತದೆ, ಅವನು ಅದರಲ್ಲಿ ಇಲ್ಲ. ಜೀವ ಹೋಗಿ ಆಗಿದೆ. ಅವನ ಹೆಂಡತಿ ಕ್ಲಿಯರ್‌ಬ್ರೂಕ್ ಬಿಟ್ಟುಕೊಡಲು ಒಪ್ಪುವುದಿಲ್ಲ. ಪ್ರಿಸರ್ವರ್ ಎಂಬ ಪುಟ್ಟ ರೆಕ್ಕೆಯ ಜೀವಿಗಳು ಉಗುಳಿನಿಂದ ನೂಲು ತೆಗೆದು ಗೂಡು ಕಟ್ಟುತ್ತವೆ, ಅದರೊಳಗೆ ಆ ಮೈಯನ್ನು ಸುತ್ತಿ ಇಡುತ್ತಾರೆ. ಲೀಟಾಳ ಕೈ ಸೋತ ಜಾಗ ಇದು. ವಿನೋವಿಲ್‌ಗೆ ಇಂಥ ಸೋಲೇ ಸಿಗಲಿಲ್ಲ. ಅವಳ ಊರಲ್ಲಿ ಸೋಲಲು ಏನೂ ಇರಲಿಲ್ಲ. ಲೀಟಾ ಅವಳನ್ನೂ ವಾಸಿ ಮಾಡಲು ಹೋದಾಗ ವಿನೋವಿಲ್ ಒಪ್ಪದೆ ತಿರುಗಿ ಬೀಳುವುದು ಅದಕ್ಕೇ ಅಂತ ನನ್ನ ಅಂದಾಜು. ತನಗಿಂತ ಚಿಕ್ಕವಳು, ತನ್ನದೇ ಕಸುಬಿನವಳು, ಕೆಲಸ ಮಾಡಿ ದಣಿದವಳು ಬಂದು ನಿಂತಿದ್ದಾಳೆ. ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ?

ರಾಯೆಕ್‌ಗೆ ಸಿಕ್ಕ ಕೆಲಸ

ರಾಯೆಕ್ ಬಗ್ಗೆ ಒಂದು ಮಾತು ಹೇಳದೆ ಬಿಡುವ ಹಾಗಿಲ್ಲ. ಲೀಟಾಳನ್ನು ಕಳೆದುಕೊಂಡು ಊರು ಬಿಟ್ಟವನು. ಜಂಬಗಾರ. ಮುಂದೆ ಕಿಂಗ್ಸ್ ಆಫ್ ದಿ ಬ್ರೋಕನ್ ವೀಲ್ ಸರಣಿಯಲ್ಲಿ, ಹಿರಿಯರು ಬಿದ್ದದ್ದೇ ತಪ್ಪು, ಅವರು ಕಾಲ ತಪ್ಪಿ ಹಿಂದಕ್ಕೆ ಜಾರುವ ಗಳಿಗೆ ಇನ್ನೂ ಮುಂದಿದೆ, ಅಲ್ಲಿಗೇ ಹೋಗಿ ಸರಿ ಮಾಡಿಬಿಡುತ್ತೇನೆ ಅಂತ ಅರಮನೆಯನ್ನು 10,000 ವರ್ಷ ಮುಂದಕ್ಕೆ ಹಾರಿಸಿಕೊಂಡು ಹೋಗುತ್ತಾನೆ. ಹಿರಿಯರು ಬೀಳದಿದ್ದರೆ ಈಗಿರುವ ಎಲ್ಫ್‌ಗಳು ಯಾರೂ ಹುಟ್ಟುತ್ತಲೇ ಇರಲಿಲ್ಲ ಅನ್ನೋದು ಅವನಿಗೆ ಚಿಕ್ಕ ವಿಷಯ. ಹೋಗುವಾಗ ಕಟ್ಟರ್‌ನ ಹೆಂಡತಿ ಮಕ್ಕಳೂ ಒಳಗೇ ಇದ್ದಾರೆ. ಸಾಯುವ ರಕ್ತದ ಕಟ್ಟರ್ 10,000 ವರ್ಷ ಕಾಯಬೇಕು. ಪ್ರಿಸರ್ವರ್‌ಗಳ ಗೂಡಿನಲ್ಲಿ ಮಲಗಿ ಕಾಯುತ್ತಾನೆ. ಇದನ್ನು ಓದಿದ ವುಲ್ಫ್‌ರೈಡರ್ ಅಭಿಮಾನಿಗಳು ರಾಯೆಕ್‌ನನ್ನು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಗೆಳತಿಯೊಬ್ಬಳು ಅವನ ಹೆಸರೆತ್ತಿದರೆ ಕಾಫಿ ಅರ್ಧಕ್ಕೇ ಬಿಟ್ಟು ಜಗಳಕ್ಕೆ ನಿಲ್ಲುತ್ತಾಳೆ.

ನಾನು ಅವನ ಪರ. ವಿನೋವಿಲ್‌ನ ಮೈ ಸತ್ತ ಮೇಲೆ ಅವಳ ಆತ್ಮ ಹೊರಗೆ ಬಿಟ್ಟರೆ ಎಲ್ಲರಿಗೂ ಅಪಾಯ ಅಂತ ಗೊತ್ತಾದಾಗ ಅದನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವವನು ರಾಯೆಕ್. ಹಗಲೂ ರಾತ್ರಿ ಒಳಗಿಂದ ಅವಳ ಮಾತು ಕೇಳುತ್ತಾ, ಬಾಗಿಲು ಬಿಡದೆ ಕಾಯಬೇಕು. ಅದೆಂಥ ಕೆಲಸ ಯೋಚಿಸಿ. ಹೊಗಳುವವರು ಇಲ್ಲ, ನೋಡುವವರೂ ಇಲ್ಲ. ಎಲ್ಲರೂ ತನ್ನನ್ನು ನೋಡಬೇಕು ಅಂತ ಬದುಕಿದವನು ಅದನ್ನು ಮಾಡಿಕೊಂಡು ಹೋಗುತ್ತಾನೆ. ಗೆಳತಿ ಇದನ್ನೂ ಒಪ್ಪುವುದಿಲ್ಲ. ಅವನಿಗೆ ಅವಳ ಮೇಲೆ ಮೋಹ ಇತ್ತು, ಅದಕ್ಕೇ ಇಟ್ಟುಕೊಂಡ ಅಂತಾಳೆ. ಅದೂ ಸುಳ್ಳಲ್ಲ.

1990ರ ದಶಕದಲ್ಲಿ ಬೇರೆ ಬೇರೆ ಚಿತ್ರಕಾರರು ಬರೆದ ಕವಲು ಕಥೆಗಳನ್ನು ಓದದಿದ್ದರೂ ನಡೆಯುತ್ತದೆ. ಆದರೆ ಡಾರ್ಕ್ ಹಾರ್ಸ್ ಪ್ರಕಾಶನದಿಂದ ಬಂದು 2018ರ ಫೆಬ್ರವರಿಗೆ, ಅಂದರೆ ಸರಿಯಾಗಿ 40 ವರ್ಷಕ್ಕೆ ಮುಗಿದ ಫೈನಲ್ ಕ್ವೆಸ್ಟ್ ಬಿಡಬೇಡಿ. ಅಲ್ಲಿ ಕಟ್ಟರ್ ಸಾಯುತ್ತಾನೆ. ಅವನ ಜೀವದ ಗೆಳೆಯ ಸ್ಕೈವೈಸ್ ಹುಟ್ಟಿನಿಂದ ವುಲ್ಫ್‌ರೈಡರೇ ಆದರೂ ತೋಳದ ರಕ್ತ ಕಳೆದುಕೊಂಡು ಸಾವಿಲ್ಲದವನಾಗಿದ್ದಾನೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಪಿನಿ ದಂಪತಿ ನಿಲ್ಲಿಸಲಿಲ್ಲ. 2019ರಲ್ಲಿ ಸ್ಟಾರ್‌ಗೇಜರ್ಸ್ ಹಂಟ್ ಅಂತ ಇನ್ನೊಂದು ಸರಣಿ ತಂದರು. ಕಟ್ಟರ್ ಇಲ್ಲದ ಸ್ಕೈವೈಸ್ ಏನು ಮಾಡುತ್ತಾನೆ ಅನ್ನೋದೇ ಅದರ ಕಥೆ. ಮೊದಲ ಸಂಚಿಕೆ ಓದಿ ನಾನು ಗೆಳತಿಗೆ ಮೆಸೇಜ್ ಹಾಕಿದೆ, ನೋಡು, ನಿನ್ನ ಗುಂಪಿನವನೊಬ್ಬ ನಮ್ಮ ಕಡೆ ಬಂದ ಅಂತ. ಅವಳು ಉತ್ತರ ಕೊಡಲಿಲ್ಲ.